ಬಿಸಿಯಾದ ಪ್ಲಗ್ಗು

ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇರುವ ಲೆಕ್ಕ ಇಷ್ಟೇ. ಹಾಲಿನ ಲೆಕ್ಕ, ಚೀಟಿ ದುಡ್ಡಿನ ಲೆಕ್ಕ, ಮದುವೆ ಮನೆಗೆ ಎಷ್ಟು ಸೇರು ಅಕ್ಕಿ ಎಂಬ ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡುವ ಹೆಂಗಸರು ನಾವು. ಒಂದು ಭಾಗಾಕಾರ, ಒಂದು ಗುಣಾಕಾರ ನಮಗೆ ಯಾವ ಮಹಾ ಕಷ್ಟ? ಆದರೂ ಕರೆಂಟಿನ ಮಾತು ಬಂದರೆ ಸಾಕು, 'ಅವರು ಬರಲಿ, ನೋಡ್ತಾರೆ' ಎಂದು ಸುಮ್ಮನಾಗಿಬಿಡುತ್ತೇವೆ.

ನಾನು ಬಿ.ಎ. ಓದಿ ಸಮಾಜ ವಿಜ್ಞಾನ ಕಲಿಸುವವಳು. ವಿಜ್ಞಾನದ ಟೀಚರು ಹೆರಿಗೆ ರಜೆಯ ಮೇಲೆ ಹೋದಾಗ ಈ ಪಾಠ ನನ್ನ ಪಾಲಿಗೆ ಬಂತು. ರಾತ್ರಿ ಕೂತು ಓದಿದೆ. ಸೂತ್ರ ಕಂಡುಹಿಡಿದ ಜಾರ್ಜ್ ಸೈಮನ್ ಓಮ್ ಕೂಡ ಶಾಲಾ ಮೇಷ್ಟರೇ ಎಂದು ತಿಳಿದು ಸ್ವಲ್ಪ ಧೈರ್ಯ ಬಂತು. ಬೀಗ ಮಾಡುವವನ ಮಗ, ಜರ್ಮನಿಯ ಕಲೋನ್ ಪಟ್ಟಣದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದವನು. 1827ರಲ್ಲಿ ತನ್ನ ಪುಸ್ತಕ ಅಚ್ಚು ಹಾಕಿಸಿದಾಗ ಅಲ್ಲಿನ ಪಂಡಿತರು ಮೂಗು ಮುರಿದರು. ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟದ್ದು 1841ರಲ್ಲಿ. ಹದಿನಾಲ್ಕು ವರ್ಷ! ಮೇಷ್ಟರ ಮಾತನ್ನು ಊರು ಒಪ್ಪುವುದಕ್ಕೆ ಯಾವ ದೇಶದಲ್ಲಾದರೂ ಅಷ್ಟು ಕಾಲ ಬೇಕೇನೋ.

ಮಕ್ಕಳಿಗೆ ಪುಸ್ತಕದ ಲೆಕ್ಕದ ಜೊತೆಗೆ ಮನೆಯ ಸಾಮಾನಿನ ಲೆಕ್ಕ ಕೊಟ್ಟೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು. ಗೀಸರಿನ ಮೈಮೇಲೆ 2000 ವಾಟ್ ಎಂದು ಬರೆದಿರುತ್ತದೆ. ಭಾಗಿಸಿದರೆ ಸುಮಾರು 8.7 ಆಂಪಿಯರ್. 230ನ್ನು ಮತ್ತೆ ಈ 8.7ರಿಂದ ಭಾಗಿಸಿದರೆ ರೋಧ ಸುಮಾರು 26 ಓಮ್. ಅದೇ 40 ವಾಟಿನ ಹಳೆಯ ಬಲ್ಬಿನ ರೋಧ, ಉರಿಯುವಾಗ, 1300 ಓಮ್‌ಗೂ ಮೇಲೆ. "ಟೀಚರ್, ದೊಡ್ಡ ಗೀಸರಿಗೆ ಸಣ್ಣ ರೋಧ, ಸಣ್ಣ ಬಲ್ಬಿಗೆ ದೊಡ್ಡ ರೋಧ, ತಿರುಗುಮುರುಗು ಆಯ್ತಲ್ಲ?" ಎಂದಳು ಹಿಂದಿನ ಬೆಂಚಿನ ಹುಡುಗಿ. ಒಳ್ಳೆಯ ಪ್ರಶ್ನೆ. ಊಟದ ಮನೆಯ ಬಾಗಿಲು ಅಗಲವಿದ್ದರೆ ತಾನೆ ಜನ ಹೆಚ್ಚು ನುಗ್ಗುವುದು ಎಂದೆ. ತಡೆ ಕಡಿಮೆಯಾದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ, ಬಿಸಿಯೂ ಹೆಚ್ಚುತ್ತದೆ.

ಬೇಸಿಗೆಯ ಸಂಜೆ ವೋಲ್ಟೇಜು 180ಕ್ಕೆ ಇಳಿದರೆ ಅದೇ ಗೀಸರು ಸುಮಾರು 1225 ವಾಟಿನ ಕೆಲಸವನ್ನಷ್ಟೇ ಮಾಡುತ್ತದೆ. ವೋಲ್ಟೇಜು ಕಾಲು ಭಾಗ ಇಳಿಯುವ ಮೊದಲೇ ಬಿಸಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿದಿರುತ್ತದೆ. ನೀರು ಕಾಯಲಿಲ್ಲವೆಂದು ಗೀಸರಿಗೆ ಶಾಪ ಹಾಕಿ ಪ್ರಯೋಜನವಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರ್ ದೂರ ಕರೆಂಟು ಹೋಯಿತೆಂದು ವರ್ಷವೂ ಪಾಠ ಮಾಡುವವಳು ನಾನು. ಅಷ್ಟು ದೂರ ಹೇಗೆ ಹೋಯಿತೆಂಬುದು ಈ ಸೂತ್ರದಲ್ಲಿತ್ತು. ವೋಲ್ಟೇಜನ್ನು ಬಹಳ ಏರಿಸಿ ಕಳಿಸಿದರೆ ಅಷ್ಟೇ ಸಾಮರ್ಥ್ಯಕ್ಕೆ ಆಂಪಿಯರ್ ಕಡಿಮೆ ಸಾಕು, ತಂತಿ ದಾರಿಯಲ್ಲೇ ಬಿಸಿಯಾಗಿ ಪೋಲಾಗುವುದೂ ಕಡಿಮೆ. ಆಂಪಿಯರ್ ಎರಡರಷ್ಟಾದರೆ ತಂತಿಯ ಬಿಸಿ ನಾಲ್ಕರಷ್ಟಾಗುತ್ತದೆ.

ಈ ನಾಲ್ಕರಷ್ಟು ಎಂಬ ಮಾತು ನನ್ನ ತಲೆಯಲ್ಲಿ ಕೂತದ್ದು ಪಕ್ಕದ ಮನೆಯಿಂದಾಗಿ. ಅಲ್ಲಿ ಬಾಡಿಗೆಗಿರುವ ಹುಡುಗಿ ಆಫೀಸಿನವರಿಗೆ ಊಟದ ಡಬ್ಬಿ ಕಳಿಸಿ ಎರಡು ಮಕ್ಕಳನ್ನು ಸಾಕುತ್ತಾಳೆ. ಒಂದು ದಿನ "ಅಕ್ಕಾ, ಪ್ಲಗ್ಗು ಮುಟ್ಟಕ್ಕಾಗ್ತಿಲ್ಲ, ಸುಡ್ತದೆ" ಎಂದು ಕರೆದಳು. ಇಂಡಕ್ಷನ್ ಒಲೆ 2000 ವಾಟು, ರೈಸ್ ಕುಕ್ಕರು 700 ವಾಟು. ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ, ಆ ಬೋರ್ಡು 6 ಆಂಪಿಯರಿನ ಸಣ್ಣ ಸಾಕೆಟ್ಟಿನಲ್ಲಿ. ಒಲೆಯ ದಪ್ಪ ಪಿನ್ನು ಸಣ್ಣ ತೂತಿಗೆ ಹೋಗದೆಂದು ಅಂಗಡಿಯಿಂದ ಕನ್ವರ್ಟರ್ ತಂದು ಸಿಕ್ಕಿಸಿದ್ದಳು. ದಪ್ಪ ಪಿನ್ನು ಮಾಡಿದವರು ಸುಮ್ಮನೆ ಮಾಡಿರಲಿಲ್ಲ! ಕ್ಯಾಲೆಂಡರಿನ ಹಿಂದೆ ಬರೆದೆ: 2700 ಭಾಗಿಸು 230, ಹನ್ನೊಂದೂ ಮುಕ್ಕಾಲರ ಹತ್ತಿರ. 6 ಹೊರಬೇಕಾದದ್ದು ಹೆಚ್ಚುಕಡಿಮೆ ಎರಡರಷ್ಟು ಹೊರುತ್ತಿತ್ತು. ಮೋಟಾರಿನ ಗ್ರೈಂಡರನ್ನು ನಾನು ಸೇರಿಸಿರಲೇ ಇಲ್ಲ.

ಸಾಕೆಟ್ಟಿನ ಹಿಡಿತ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡರೂ ಸಾಕು, ಇಷ್ಟು ಕರೆಂಟಿಗೆ ಸುಮಾರು 70 ವಾಟಿನ ಬಿಸಿ ಆ ಪ್ಲಗ್ಗಿನೊಳಗೇ. ಉರಿಯುವ ದೊಡ್ಡ ಬಲ್ಬನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಂತೆ. ಪಕ್ಕದಲ್ಲೇ ಮಕ್ಕಳ ಹಾಸಿಗೆ ಮಡಚಿಟ್ಟಿತ್ತು.

ಮನೆಯ ಯಜಮಾನರನ್ನು ಕರೆಸಿದೆವು. ಪದೇ ಪದೇ ಫ್ಯೂಸು ಹೋಗುತ್ತದೆಂದು ಫ್ಯೂಸ್ ತಂತಿಯ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತಿದ್ದವರು ಅವರೇ. "ಇಷ್ಟು ವರ್ಷ ಇದ್ದೋರಿಗೆ ಏನೂ ಆಗ್ಲಿಲ್ಲ. ಕರೆಂಟು ಹೇಗೂ ಫ್ರೀ ಬಂದಿದೆ, ನಿಮಗ್ಯಾಕೆ ಮೇಡಂ ತಲೆನೋವು? ನೀವು ಹಿಸ್ಟರಿ ಟೀಚರಲ್ವಾ?" ಎಂದರು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಬೀದಿಯಲ್ಲಿ ಬಿಲ್ಲು ಓದುವ ಅಭ್ಯಾಸವೇ ಹೋಗಿದೆ, ನಿಜ. ದುಡ್ಡು ಸರ್ಕಾರ ಕೊಟ್ಟರೂ ಬಿಸಿಯಾಗುವುದು ನಮ್ಮ ಗೋಡೆಯ ತಂತಿ ತಾನೆ? ನಾನು ವಾದಿಸಲಿಲ್ಲ. ಕ್ಯಾಲೆಂಡರಿನ ಹಾಳೆ ಕೊಟ್ಟು, ಪ್ಲಗ್ಗನ್ನು ಒಮ್ಮೆ ಮುಟ್ಟಿ ನೋಡಿ ಎಂದೆ. ಮುಟ್ಟಿದರು. ಕೈ ಹಿಂದಕ್ಕೆಳೆದುಕೊಂಡರು.

ವಾರದೊಳಗೆ ಅಡುಗೆಮನೆಗೆ ಬೇರೆ ಲೈನು ಬಂತು: ದಪ್ಪ ತಾಮ್ರದ ವೈರು, 16 ಆಂಪಿಯರಿನ ಸಾಕೆಟ್ಟು, ಹೊರೆ ಮಿತಿಮೀರಿದರೆ ತಾನಾಗಿ ಬೀಳುವ ಎಂ.ಸಿ.ಬಿ. ಅರ್ಧ ಖರ್ಚನ್ನು ಅವಳ ಮೇಲೇ ಹೊರಿಸಿದರು, ಅದು ನನಗೆ ಸರಿಕಾಣಲಿಲ್ಲ. ಯಜಮಾನರು ಈಗ ನನ್ನನ್ನು ಕಂಡರೆ ಆಚೆ ಮುಖ ಮಾಡುತ್ತಾರೆ. ಅವಳು ಮೊನ್ನೆ ಮಿಕ್ಸಿ ಕೊಳ್ಳಲು ಹೋದಾಗ ಅದನ್ನು ತಲೆಕೆಳಗು ಮಾಡಿ ವಾಟು ಓದಿ, ಅಂಗಡಿಯವನ ಕ್ಯಾಲ್ಕುಲೇಟರಿನಲ್ಲೇ ಭಾಗಿಸಿ ನೋಡಿ ತಂದಳಂತೆ.