ಮಂಚ ಎದ್ದ ಹೊತ್ತು

ವಿಷ್ಣುವರ್ಧನ್ ತಮಾಷೆ ನಿಲ್ಲಿಸಿಬಿಟ್ಟಿದ್ದಾರೆ. ಇಷ್ಟು ಹೊತ್ತು ಅವರ ಒಂದೊಂದು ಮಾತಿಗೂ ಶಿಳ್ಳೆ ಹೊಡೆಯುತ್ತಿದ್ದ ಗಾಂಧಿ ಕ್ಲಾಸಿನಲ್ಲಿ ಈಗ ಪಿಟ್ಟೆನ್ನುವವರಿಲ್ಲ.

2004ರ ಆಗಸ್ಟ್ ಕೊನೆ. ಮೆಜೆಸ್ಟಿಕ್ಕಿನ ಒಂದು ಟಾಕೀಸಿನಲ್ಲಿ ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’, ಫಸ್ಟ್ ಶೋ. ಪರದೆಗೆ ತೀರಾ ಹತ್ತಿರದ ಸೀಟು, ಕತ್ತೆತ್ತಿಯೇ ನೋಡಬೇಕು. ವಿಷ್ಣುವರ್ಧನ್ ಮಾಡಿರುವ ಮನೋವೈದ್ಯ ವಿಜಯ್ ತನ್ನ ಗೆಳೆಯನಿಗೆ ಹೇಳಬಾರದ್ದನ್ನು ಹೇಳಿಯಾಗಿದೆ: ಈ ಅರಮನೆಯಲ್ಲಿ ಕಾಡುತ್ತಿರುವುದು ದೆವ್ವವಲ್ಲ, ನಿನ್ನ ಹೆಂಡತಿ ಗಂಗಾ. ಗಂಡನಾಗಿರುವ ರಮೇಶ್ ಅರವಿಂದ್ ನಂಬುವುದಿಲ್ಲ. ನೀವೂ ನಂಬುವುದಿಲ್ಲ. ಗಂಗಾ ಎಂದರೆ ಸೌಂದರ್ಯ ಅಲ್ಲವೇ? ಹೆಚ್ಚುಕಡಿಮೆ ಎರಡು ಗಂಟೆ ಮನೆಮಂದಿಯ ನಡುವೆ ನಗುನಗುತ್ತ ಓಡಾಡಿಕೊಂಡಿದ್ದ, ಬೀಗ ಬಿದ್ದ ಕೋಣೆಯೊಳಗೆ ಏನಿದೆಯೋ ಎಂದು ಮಕ್ಕಳಂತೆ ಆಸೆಪಟ್ಟ ಹೆಣ್ಣು.

ಗಂಗಾ ಹೊರಗೆ ಹೊರಟಿದ್ದಾಳೆ. ಗಂಡ ಬೇಡ ಎನ್ನುತ್ತಾನೆ. ಅವಳು ಕೇಳುತ್ತಾಳೆ, ಮುನಿಸಿಕೊಂಡ ಹೆಂಡತಿಯ ದನಿಯಲ್ಲೇ. ಅವನು ಮತ್ತೆ ಬೇಡ ಎನ್ನುತ್ತಾನೆ. ಈಗ ಆ ಮುಖ ನೋಡಿ. ಗಲ್ಲ ಬಿಗಿಯುತ್ತದೆ, ಕಣ್ಣು ಅಗಲವಾಗುತ್ತ ಹೋಗುತ್ತದೆ, ಇಷ್ಟೇ ಇರಬೇಕು ಎನ್ನುವಲ್ಲಿಗೂ ನಿಲ್ಲದೆ ಇನ್ನೂ ಅಗಲವಾಗುತ್ತದೆ. ಕನ್ನಡ ಹೋಗಿ, ತಾನೇ ಎಂದು ಅವಳು ನಂಬಿಕೊಂಡ ಹಿಂದಿನ ಕಾಲದ ನರ್ತಕಿ ನಾಗವಲ್ಲಿಯ ತೆಲುಗು ಬರುತ್ತದೆ. ಎದುರಿನ ಗಂಡ ಅವಳ ಪಾಲಿಗೆ ಯಾರೋ ಆಗಿಬಿಟ್ಟಿದ್ದಾನೆ. ಅವಳ ಕೈ ತಗುಲಿದ ಮಂಚ ನೆಲ ಬಿಟ್ಟು ಮೇಲೇಳುತ್ತದೆ.

ಅತಿಯಾಯಿತೇ? ಅತಿಯೇ, ಅನುಮಾನವಿಲ್ಲ. ಆದರೆ ಅತಿ ಇಲ್ಲದೆ ಈ ಸಿನಿಮಾ ನಿಲ್ಲುವುದೂ ಇಲ್ಲ. ಕಥೆಯನ್ನು ಬಿಡಿಸಿ ನೋಡಿದರೆ ತೂತುಗಳೇ ಹೆಚ್ಚು; ವಿಜಯ್ ಕೊಡುವ ವಿವರಣೆಯನ್ನು ಯಾವ ಮನೋವೈದ್ಯರೂ ಒಪ್ಪಲಾರರು. ಫಾಜಿಲ್ ಅವರ 1993ರ ‘ಮಣಿಚಿತ್ರತ್ತಾಳ್’ನಿಂದ ಬಂದ ಕಥೆ ಇದು. ಅಲ್ಲಿ ಈ ಪಾತ್ರಕ್ಕೆ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದವರು, ಮೇಲಾಗಿ ಪಳಗಿದ ಭರತನಾಟ್ಯ ಕಲಾವಿದೆ. ಸೌಂದರ್ಯ ಆ ದಾರಿ ಹಿಡಿದಿಲ್ಲ. ಕಣ್ಣು, ಕತ್ತು, ತುಟಿ ಇಷ್ಟನ್ನೇ ಇಟ್ಟುಕೊಂಡು ಮೇಲೆ ಬೀಳುತ್ತಾರೆ. ಮುಳಬಾಗಿಲು ಸೀಮೆಯ ಈ ಹೆಣ್ಣುಮಗಳು ತೆಲುಗಿನಲ್ಲಿ ದೊಡ್ಡ ತಾರೆ. ನಾಗವಲ್ಲಿಯ ಮಾತಿಗೆ ತುಟಿ ಎಲ್ಲೂ ತಡವರಿಸುವುದಿಲ್ಲ. ತೂಕ ತಪ್ಪದ ನಟನೆ ಬರದೆ ಹೀಗೆ ಮಾಡಿದರು ಎನ್ನುವ ಹಾಗೂ ಇಲ್ಲ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ವನ್ನು ತಾವೇ ನಿರ್ಮಿಸಿ, ಮುಳುಗಡೆಯ ನೀರಿನ ನಡುವೆ ನಾಗಿಯಾಗಿ ಬದುಕಿ ತೋರಿಸಿದವರು ಇವರೇ.

ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ ಪಾಪ’ ಎನ್ನುತ್ತಾರೆ. ಗಂಗಾಳಿಗಲ್ಲ, ಅದು ಸೌಂದರ್ಯಗೆ. ಏಪ್ರಿಲ್ 17ರಂದು ಜಕ್ಕೂರಿನಲ್ಲಿ ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ಪುಟ್ಟ ವಿಮಾನ ಬಿದ್ದು ಅಣ್ಣನ ಜೊತೆ ಹೋಗಿಬಿಟ್ಟರು. ನಾಲ್ಕು ತಿಂಗಳು ಕಳೆದಿದೆ ಅಷ್ಟೇ.

ದುರ್ಗಾಷ್ಟಮಿಯ ರಾತ್ರಿ ಬಂತು. ಬಿಚ್ಚಿದ ಕೂದಲು, ಕಣ್ಣ ತುಂಬ ಕಾಡಿಗೆ, ಕಾಲಲ್ಲಿ ಗೆಜ್ಜೆ. ಅವಳೆದುರು ವಿಷ್ಣು ಈಗ ಡಾಕ್ಟರಲ್ಲ, ನಾಗವಲ್ಲಿಯ ಶತ್ರು, ‘ಹೌಲಾ ಹೌಲಾ’ ಎನ್ನುವ ರಾಜ ವಿಜಯ ರಾಜೇಂದ್ರ ಬಹದ್ದೂರ್. ಅವರದ್ದೂ ಅತಿಯೇ, ಆದರೆ ಅದು ಅಭಿಮಾನಿಗಳಿಗೆ ಹಂಚುವ ಪ್ರಸಾದ. ಹಾಲ್ ಎದ್ದು ಕುಣಿಯುತ್ತದೆ. ನಾಗವಲ್ಲಿ ತಿರುಗಿದಾಗ ಅದೇ ಹಾಲ್ ಥಟ್ಟನೆ ಕೂರುತ್ತದೆ. ಸೇಡು ತೀರಿಸಿಕೊಳ್ಳಲು ಅವಳು ನುಗ್ಗುತ್ತಾಳೆ, ಹಲಗೆ ತಿರುಗುತ್ತದೆ, ರಾಜನ ಜಾಗಕ್ಕೆ ಗೊಂಬೆ ಬಂದಿರುತ್ತದೆ. ಹಳ್ಳಿಯ ಕಂಪನಿ ನಾಟಕದವರೂ ಮಾಡಬಲ್ಲ ಚಮತ್ಕಾರ. ಆದರೆ ಗೊಂಬೆ ಸುಡುವಾಗ ಆ ಮುಖದ ಮೇಲೆ ಏಳುವ ಸಂತೋಷ ನೋಡುತ್ತ ನೀವು ಹಲಗೆಯನ್ನು ಮರೆತಿರುತ್ತೀರಿ.

ಆಮೇಲಿನದೆಲ್ಲ ಸಪ್ಪೆ. ಎಲ್ಲರೂ ಎದ್ದು ಚಪ್ಪಲಿ ಹುಡುಕುತ್ತಿದ್ದಾರೆ.

ಹೊರಗೆ ಸೆಕೆಂಡ್ ಶೋಗೆ ಕ್ಯೂ ಗೇಟು ದಾಟಿ ಫುಟ್‌ಪಾತಿಗೆ ಬಂದಿದೆ. ನಿಮ್ಮ ಪಕ್ಕದಲ್ಲಿ ಹೋಗುತ್ತಿದ್ದ ಹುಡುಗನೊಬ್ಬ ಬೇಕಂತಲೇ ಕೂಗುತ್ತಾನೆ: ‘ದೆವ್ವ ಗಿವ್ವ ಏನಿಲ್ಲ ಕಣ್ರೋ, ಎಲ್ಲಾ ಸೌಂದರ್ಯಾನೇ!’

‘ಗೊತ್ತು ಹೋಗಯ್ಯ, ಮೂರನೇ ಸಲ ಬಂದಿರೋದು,’ ಎನ್ನುತ್ತಾನೆ ಕ್ಯೂನಲ್ಲಿ ನಿಂತವನು.