ಉತ್ಸರ್ಗ ಸಮಿತಿಯೂ ಕಡಲು ಸೇರುವ ಕಸವೂ

ನೀರನ್ನು ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿ ಬಳಸುವುದು ಶ್ರಾವಕರ ಮನೆಗಳಲ್ಲಿ ಬಹು ಹಿಂದಿನಿಂದ ನಡೆದುಬಂದ ಆಚಾರ. ಅದರ ಮೊದಲ ಅರ್ಧವನ್ನು ಎಲ್ಲರೂ ಬಲ್ಲರು. ಎರಡನೆಯ ಅರ್ಧವು ಮನೆಮನೆಗೆ ನಲ್ಲಿ ಬಂದ ಮೇಲೆ ಮಸುಕಾಗಿದೆ. ಸೋಸಿದ ಬಟ್ಟೆಯನ್ನು ಮಗುಚಿ, ಅದರ ಮೇಲೆ ಸೋಸಿದ ನೀರನ್ನೇ ಎರೆದು, ಅರಿವೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಯಾವ ಬಾವಿಯಿಂದ ನೀರು ಸೇದಿದ್ದರೋ ಅದೇ ಬಾವಿಗೆ ಮರಳಿಸಬೇಕು. ಅದನ್ನೂ ಕಟ್ಟೆಯ ಮೇಲಿನಿಂದ ಸುರಿಯುವಂತಿಲ್ಲ; ಜೀವಿಗಳಿಗೆ ಆಘಾತವಾಗದಂತೆ ಪಾತ್ರೆಯನ್ನು ನೀರಿನ ಮಟ್ಟಕ್ಕೆ ಇಳಿಸಿ ಬಗ್ಗಿಸಬೇಕು. ಮುನಿಗಳಿಗೆ ವಿಹಿತವಾದ ಐದು ಸಮಿತಿಗಳಲ್ಲಿ ಕಡೆಯದಾದ ಉತ್ಸರ್ಗ ಸಮಿತಿಯ ಹುರುಳೂ ಇದೇ. ವಿಸರ್ಜಿಸುವುದನ್ನು ಜೀವಜಂತುಗಳಿಲ್ಲದ, ಅನ್ಯರಿಗೆ ಬಾಧೆಯಾಗದ ನೆಲವನ್ನು ನೋಡಿಯೇ ವಿಸರ್ಜಿಸಬೇಕೆಂಬುದು ಅಲ್ಲಿನ ನಿಯಮ. ಗೃಹಸ್ಥರಿಗೆ ಸಮಿತಿಗಳು ಮಹಾವ್ರತಿಗಳಿಗೆ ಅನ್ವಯಿಸುವಷ್ಟು ಕಟ್ಟುನಿಟ್ಟಾಗಿ ಅನ್ವಯಿಸುವುದಿಲ್ಲ, ನಿಜ. ಆದರೂ ಕೈಬಿಟ್ಟ ವಸ್ತುವಿನ ಹೊಣೆಯು ಕೈಬಿಟ್ಟ ಕ್ಷಣಕ್ಕೆ ಮುಗಿಯದೆಂಬ ಎಚ್ಚರ ಎರಡರಲ್ಲೂ ಒಂದೇ.

ಈ ಎಚ್ಚರವನ್ನು ಪ್ಲಾಸ್ಟಿಕ್ಕಿಗೆ ಅನ್ವಯಿಸಿ ನೋಡಿದರೆ ಲೆಕ್ಕ ದೊಡ್ಡದಾಗುತ್ತದೆ. 2010ನೆಯ ಒಂದೇ ವರ್ಷದಲ್ಲಿ ಜಗತ್ತಿನ ಕರಾವಳಿ ದೇಶಗಳಿಂದ 48 ಲಕ್ಷದಿಂದ 127 ಲಕ್ಷ ಟನ್ನುಗಳಷ್ಟು ಪ್ಲಾಸ್ಟಿಕ್ ಕಡಲು ಸೇರಿತೆಂದು 2015ರಲ್ಲಿ ವಿಜ್ಞಾನಿಗಳು ಅಂದಾಜಿಸಿದರು. ನದಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿದ 2021ರ ಇನ್ನೊಂದು ಅಧ್ಯಯನವು ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಎಂದಿತು. ಅದರ ಐದರಲ್ಲಿ ನಾಲ್ಕು ಪಾಲನ್ನು ಸುಮಾರು ಒಂದು ಸಾವಿರ ನದಿಗಳು ಹೊರುತ್ತವೆಂದೂ, ಅವುಗಳಲ್ಲಿ ಹೆಸರಾಂತ ಮಹಾನದಿಗಳಿಗಿಂತ ಕರಾವಳಿಯ ಪಟ್ಟಣಗಳ ನಡುವೆ ಹರಿಯುವ ಸಣ್ಣ ಹೊಳೆಗಳ ಪಾತ್ರವೇ ಹಿರಿದೆಂದೂ ತೋರಿಸಿತು. ಹೀಗಿರುವಾಗ ಕಡಲಿನಿಂದ ಬಹು ದೂರದ ಬಯಲುಸೀಮೆಯವರಿಗೆ ಈ ವಿಚಾರದಲ್ಲಿ ಏನು ಕೆಲಸವೆಂಬ ಪ್ರಶ್ನೆ ಏಳುವುದು ಸಹಜ.

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯನ್ನೇ ನೋಡಬಹುದು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಶಿರಾ ಮತ್ತು ಹಿರಿಯೂರುಗಳ ನಡುವೆ ಇರುವ ಊರು ಅದು. ಹತ್ತಿರದ ಕಡಲಿಗೂ 200 ಕಿಲೋಮೀಟರಿಗಿಂತ ಹೆಚ್ಚು ದೂರ. ಮಳೆ ಕಡಿಮೆ, ಹಳ್ಳಗಳು ವರ್ಷದ ಬಹುಕಾಲ ಒಣಗಿಯೇ ಇರುತ್ತವೆ. ಆದರೆ ನೀರಿನ ದಾರಿಯನ್ನು ಹಿಡಿದು ಹೋದರೆ ಅದು ಕಡಲಿಗೇ ಮುಟ್ಟುತ್ತದೆ. ಈ ಹೋಬಳಿಯ ಗಾಯತ್ರಿ ಜಲಾಶಯವನ್ನು ತುಂಬುವ ಸುವರ್ಣಮುಖಿಯು ವೇದಾವತಿಯನ್ನು ಸೇರುತ್ತದೆ. ವೇದಾವತಿಯು ಆಂಧ್ರದ ಅನಂತಪುರದ ಕಡೆ ಹೊರಳಿ, ಹಗರಿಯೆಂಬ ಹೆಸರಿನಿಂದ ಬಳ್ಳಾರಿ ಸೀಮೆಯನ್ನು ಹಾದು ತುಂಗಭದ್ರೆಗೆ, ತುಂಗಭದ್ರೆಯು ಕೃಷ್ಣೆಗೆ, ಕೃಷ್ಣೆಯು ಬಂಗಾಳ ಕೊಲ್ಲಿಗೆ. ಹೆದ್ದಾರಿಯ ಬಸ್ಸಿನ ಕಿಟಕಿಯಿಂದ ಹೊರಬಿದ್ದ ನೀರಿನ ಬಾಟಲಿಯ ಮುಂದೆ ಇರುವ ದಾರಿ ಇದು.

ಆ ಬಾಟಲಿ ಕಡಲನ್ನು ಸೇರಿಯೇ ಸೇರುತ್ತದೆಂದು ಹೇಳಿದರೆ ಅದು ಅತಿಶಯೋಕ್ತಿ. ದಾನ ಕೇಳುವವರು ಅತಿಶಯೋಕ್ತಿಯನ್ನು ಬಿಟ್ಟರೆ ಒಳ್ಳೆಯದು. ನಡುವೆ ಭೈರವಾನಿತಿಪ್ಪದ ಅಣೆಕಟ್ಟಿದೆ, ಶ್ರೀಶೈಲ ಮತ್ತು ನಾಗಾರ್ಜುನಸಾಗರಗಳಿವೆ, ಕಡೆಯಲ್ಲಿ ವಿಜಯವಾಡದ ಬ್ಯಾರೇಜಿದೆ. ಬಯಲುಸೀಮೆಯ ಕಸದ ಬಹುಪಾಲು ಕೆರೆಯ ಅಂಗಳದಲ್ಲಿ, ಜಾಲಿಯ ಮುಳ್ಳಿನಲ್ಲಿ, ಕಾಲುವೆಯ ತೂಬಿನಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಉಳಿಯುತ್ತದೆಂದರೆ ಇದ್ದಂತೆಯೇ ಇರುವುದಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ, ಒಡೆದು, ಕಣ್ಣಿಗೆ ಕಾಣದ ಕಣಗಳಾಗುತ್ತದೆ. ನೀರಿನಲ್ಲಿ ತೇಲಾಡುವುದಕ್ಕಿಂತ ಸುಡುವ ನೆಲದ ಮೇಲೆ ಬಿದ್ದಾಗ ಈ ಕ್ರಿಯೆ ಇನ್ನೂ ಬೇಗ. ಇಡೀ ಬಾಟಲಿಯನ್ನು ತಡೆದ ಅಣೆಕಟ್ಟು ಈ ಕಣಗಳನ್ನೆಲ್ಲ ತಡೆಯಲಾರದು. 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದು, ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ಹೊಳೆಯ ಪಾತ್ರದಲ್ಲಿ ವರ್ಷಾನುವರ್ಷ ಕೂಡಿಟ್ಟ ಕಸಕ್ಕೆ ಅಂಥ ಒಂದು ಪ್ರವಾಹ ಸಾಕು.

ಇನ್ನು ದಾರಿಯಲ್ಲಿ ಉಳಿದಷ್ಟು ಕಾಲ ಅದು ಮಾಡುವ ಹಿಂಸೆಗೆ ಕಡಲಿನವರೆಗೆ ಹೋಗಬೇಕಾಗಿಲ್ಲ. ಕುರಿ, ಆಡು, ದನಗಳ ಸೀಮೆ ಇದು. ಅನ್ನ ಅಂಟಿದ ಕೈಚೀಲವನ್ನು ನುಂಗಿದ ಹಸುವಿಗೆ ಅದನ್ನು ಅರಗಿಸಲೂ ಆಗದು, ಹೊರಹಾಕಲೂ ಆಗದು. ಚೀಲಗಳು ಹೊಟ್ಟೆಯಲ್ಲಿ ಗಂಟುಕಟ್ಟಿ, ಮೇವಿಗೆ ಜಾಗವಿಲ್ಲದೆ ಪ್ರಾಣಿ ಸೊರಗಿ ಸಾಯುತ್ತದೆ. ಕಡಲಾಮೆಯ ಹೊಟ್ಟೆಯಲ್ಲಿ ನಡೆಯುವುದೂ ಇದೇ. ಗೋಶಾಲೆಗೆ ಹುಲ್ಲಿನ ಖರ್ಚನ್ನು ಧಾರಾಳವಾಗಿ ಕೊಡುವ ಕುಟುಂಬಗಳು ಹಸುವನ್ನು ಗೋಶಾಲೆಯವರೆಗೆ ಬರದಂತೆ ಮಾಡುವ ಖರ್ಚನ್ನು ಕುರಿತು ಯೋಚಿಸುವುದು ಅಪರೂಪ.

ಹಣದ ಮಾತು ಇಲ್ಲಿಂದಲೇ ಆರಂಭವಾಗಬೇಕು. ಕಡಲನ್ನು ಉಳಿಸುವ ಹೆಸರಿನಲ್ಲಿ ಇಂದು ದೇಶವಿದೇಶಗಳ ಕಂಪನಿಗಳೂ ಪ್ರತಿಷ್ಠಾನಗಳೂ ಹಣ ಹೂಡುತ್ತಿವೆ. ಕಡಲು ಸೇರಬಹುದಾದ ಪ್ಲಾಸ್ಟಿಕ್ ಎಂದು ಎಣಿಸುವಾಗ ಸಾಮಾನ್ಯವಾಗಿ ಸಮುದ್ರತೀರದಿಂದ 50 ಕಿಲೋಮೀಟರ್ ಒಳಗಿನ ಪ್ರದೇಶವನ್ನೇ ಮುಖ್ಯವಾಗಿ ಪರಿಗಣಿಸುವ ವಾಡಿಕೆಯಿದೆ. ಮೇಲೆ ಹೇಳಿದ ಅಧ್ಯಯನವನ್ನು ನೋಡಿದರೆ ಇದು ತಪ್ಪೆನ್ನಲಾಗದು; ಒಂದೊಂದು ರೂಪಾಯಿಗೂ ಹೆಚ್ಚು ಕಸ ತಡೆಯುವ ಜಾಗ ಕರಾವಳಿಯೇ. ಮಂಗಳೂರು, ಉಡುಪಿ, ಕಾರವಾರಗಳ ಟ್ರಸ್ಟುಗಳು ಹಣ ಕೊಡುವುದಾದರೆ ಅಲ್ಲಿಯೇ ಕೊಡಬೇಕು. ಆದರೆ ಈ ಗೆರೆಯ ಆಚೆಗೆ ಇರುವ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ತಾಲ್ಲೂಕುಗಳಿಗೆ ಆ ದೊಡ್ಡ ಹಣ ಹರಿದುಬರುವುದು ಕಷ್ಟ. ಅಲ್ಲಿನ ಕಸವನ್ನು ಅಲ್ಲಿನವರೇ ನೋಡಿಕೊಳ್ಳಬೇಕಾಗಿದೆ.

ಸರಕಾರದ ಹಣ ಇಲ್ಲವೆಂದಲ್ಲ. 2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೆಯ ಹಂತದ ಮಾರ್ಗಸೂಚಿಯು ಗ್ರಾಮಗಳ ಘನತ್ಯಾಜ್ಯ ನಿರ್ವಹಣೆಗೆ ಊರಿನ ಗಾತ್ರವನ್ನು ನೋಡಿ ತಲೆಗೆ 45 ಅಥವಾ 60 ರೂಪಾಯಿಯವರೆಗೂ, ಬ್ಲಾಕಿಗೊಂದು ಪ್ಲಾಸ್ಟಿಕ್ ಘಟಕಕ್ಕೆ 16 ಲಕ್ಷ ರೂಪಾಯಿಯವರೆಗೂ ಕೊಡಲು ಅವಕಾಶ ಮಾಡಿತು. ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣಗಳೆಂಬ ಶೆಡ್ಡುಗಳು ಎದ್ದದ್ದೂ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕಸದ ಗಾಡಿಯನ್ನು ತಾವೇ ಓಡಿಸುವುದನ್ನು ಕಲಿತದ್ದೂ ಈ ಅವಧಿಯಲ್ಲಿಯೇ. ಆದರೆ ಈ ಹಣ ಮುಖ್ಯವಾಗಿ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ. ನಡೆಸುವುದಕ್ಕೆ ಮನೆಮನೆಯ ಶುಲ್ಕ ಮತ್ತು ಪಂಚಾಯಿತಿಯ ಸ್ವಂತ ಆದಾಯವೇ ಗತಿ. ಬಡ ಪಂಚಾಯಿತಿಯಲ್ಲಿ ಡೀಸೆಲ್ ಮುಗಿದರೆ ಗಾಡಿ ನಿಲ್ಲುತ್ತದೆ, ಕೂಲಿ ತಡವಾದರೆ ಕೈಗಳು ನಿಲ್ಲುತ್ತವೆ. ಶೆಡ್ಡು ಮಾತ್ರ ಹೊಸ ಬಣ್ಣದಲ್ಲಿ ನಿಂತಿರುತ್ತದೆ.

ಕಸದ ಬೆಲೆಯನ್ನು ತಿಳಿಯದೆ ಕೊಟ್ಟ ದಾನವೂ ಹೀಗೆಯೇ ನಿಷ್ಫಲವಾಗಬಹುದು. ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ. ಅದನ್ನು ಆಯುವವರು ಯಾರ ದಾನಕ್ಕೂ ಕಾಯುವುದಿಲ್ಲ. ಹಾಲಿನ ಪೊಟ್ಟಣಕ್ಕೂ, ತೊಳೆದು ಒಣಗಿಸಿದ್ದರೆ, ಬೆಲೆಯಿದೆ. (ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯದೆ, ಅಂಟಿಕೊಂಡಿರುವಂತೆ ಸೀಳುವುದು ಲೇಸು, ಅಭಿಷೇಕದ ದಿನ ಬಸದಿಯ ಬಚ್ಚಲಿನಿಂದ ಚರಂಡಿಗೆ ಹೋಗುವುದು ಆ ತುಣುಕೇ.) ಯಾರೂ ಕೊಳ್ಳದ ವಸ್ತುವೆಂದರೆ ಚಿಪ್ಸು, ಗುಟ್ಕಾ, ಶಾಂಪೂಗಳ ಹೊಳೆಯುವ ಪೊಟ್ಟಣಗಳು. ಹಲವು ಪದರಗಳನ್ನು ಬೆಸೆದು ಮಾಡಿದ ಅವನ್ನು ಮತ್ತೆ ಬಿಡಿಸುವುದು ಕಷ್ಟ. ಕಟ್ಟುಕಟ್ಟಿ, ಲಾರಿಯಲ್ಲಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಸಾಗಿಸಬೇಕಾಗುತ್ತದೆ. ಆ ಸಾಗಣೆಯ ಖರ್ಚನ್ನು ಅವುಗಳ ಬೆಲೆ ತೀರಿಸದು. ಆಯುವವರು ಅವನ್ನು ನೆಲದಲ್ಲೇ ಬಿಡುತ್ತಾರೆ, ಗಾಳಿ ಹಳ್ಳಕ್ಕೆ ತಳ್ಳುತ್ತದೆ. ದಾನದ ಹಣ ಬೇಕಾಗಿರುವುದು ಬಾಟಲಿಗಲ್ಲ, ಈ ಪೊಟ್ಟಣಗಳಿಗೆ.

ನಡೆಯುವ ಕೆಲಸಕ್ಕೆ ನಿದರ್ಶನವನ್ನು ಬಾಹುಬಲಿಯ ದರ್ಶನಕ್ಕೆ ಕಾರ್ಕಳಕ್ಕೆ ಹೋಗುವವರು ಅಲ್ಲಿಯೇ ಕಾಣಬಹುದು. ಆ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸವನ್ನು ವಿಂಗಡಿಸುವ ಸಾಮರ್ಥ್ಯದ ಘಟಕವಿದೆ. ಒಂದೊಂದು ಪಂಚಾಯಿತಿಯೂ ತನ್ನ ಚಿಕ್ಕ ಕಸದ ರಾಶಿಯೊಡನೆ ತಾನೇ ಹೆಣಗುವ ಬದಲು, ಅನೇಕ ಪಂಚಾಯಿತಿಗಳ ಒಣಕಸವು ಒಂದೆಡೆ ಬಂದು, ಯಂತ್ರದ ಪಟ್ಟಿಯ ಮೇಲೆ ಹಾದು, ಹತ್ತಾರು ಬಗೆಯಾಗಿ ಬೇರ್ಪಡುತ್ತದೆ. ರಾಶಿ ದೊಡ್ಡದಾದಾಗಲೇ ಲಾರಿ ತುಂಬುವುದು, ಲಾರಿ ತುಂಬಿದಾಗಲೇ ಬೆಲೆಯಿಲ್ಲದ ಪೊಟ್ಟಣವೂ ದೂರದ ಕುಲುಮೆಯವರೆಗೆ ಹೋಗುವುದು. ಕೆಲಸ ಮಾಡುವವರ ಮಾನವನ್ನು ಕುರಿತ ಪಾಠ ಬೆಂಗಳೂರಿನದು. 2011ರಲ್ಲಿ ಅಲ್ಲಿನ ನಗರಪಾಲಿಕೆಯು ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ತೊಡಗಿತು. ಕಳ್ಳರೆಂದು ಅಟ್ಟಿಸಿಕೊಳ್ಳುತ್ತಿದ್ದವರನ್ನೇ ಮುಂದೆ ವಾರ್ಡುಗಳ ಒಣಕಸ ಕೇಂದ್ರಗಳ ನಡೆಸುವವರಾಗಿಸುವಲ್ಲಿ ಹಸಿರು ದಳದಂಥ ಸಂಸ್ಥೆಗಳು ದುಡಿದವು.

ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಆ ಕಾಲದ ಬಸದಿಗಳ ದಾನಶಾಸನಗಳನ್ನು ಓದಿದವರು ಒಂದು ಅಂಶವನ್ನು ಗಮನಿಸಿರಬಹುದು. ಬಸದಿಯನ್ನು ಕಟ್ಟಿಸಿದ್ದನ್ನು ಹೇಳಿ ಅವು ಸುಮ್ಮನಾಗುವುದಿಲ್ಲ. ನಿತ್ಯದ ಅರ್ಚನೆಗೆ, ಋಷಿಗಳ ಆಹಾರದಾನಕ್ಕೆ, ಮುರಿದುದರ ಜೀರ್ಣೋದ್ಧಾರಕ್ಕೆಂದು ಕೆರೆಯ ಕೆಳಗಿನ ಗದ್ದೆಯನ್ನು ಎಲ್ಲೆಕಟ್ಟು ಸಹಿತ ಬಿಟ್ಟದ್ದನ್ನು ವಿವರವಾಗಿ ಹೇಳುತ್ತವೆ. ಕಟ್ಟುವ ಖರ್ಚಿಗಿಂತ ನಡೆಸುವ ಖರ್ಚು ದೊಡ್ಡದೆಂಬುದು ಅಂದಿನ ದಾನಿಗಳಿಗೆ ತಿಳಿದಿತ್ತು. ಇಂದಿನ ಟ್ರಸ್ಟುಗಳ ಮುಂದೆ ಅಮೃತಶಿಲೆಯ ಹೆಸರುಫಲಕಕ್ಕೆ ಒದಗುವ ಕೊಡುಗೆಗಳಿಗೆ ಸಾಲು ನಿಲ್ಲುತ್ತದೆ. ಒಂದು ಕಸದ ಗಾಡಿಯ ಡೀಸೆಲ್ಲಿಗೆ, ಇಬ್ಬರು ಹೆಣ್ಣುಮಕ್ಕಳ ವರ್ಷದ ಕೂಲಿಗೆ, ಕೈಗವಸಿಗೆ, ಲಾರಿಯ ಬಾಡಿಗೆಗೆ ಕೊಡುವವರು ವಿರಳ. ಜೀವಿಗಳ ಪ್ರಾಣಭಯವನ್ನು ನೀಗುವುದೇ ಅಭಯದಾನವಾದರೆ, ಈ ಕೂಲಿಯ ಹಣವನ್ನು ಬೇರಾವ ದಾನದ ಲೆಕ್ಕದಲ್ಲಿ ಬರೆಯಬೇಕು?

ಕಾನೂನಿನ ತೊಡಕು ಹೆಚ್ಚಿಲ್ಲ. ಪರಿಸರ ಸಂರಕ್ಷಣೆಯನ್ನು 2009ರಲ್ಲಿಯೇ ಆದಾಯ ತೆರಿಗೆಯ ಕಾಯಿದೆಯು ಧರ್ಮಾರ್ಥ ಉದ್ದೇಶಗಳ ಸಾಲಿಗೆ ಸೇರಿಸಿತು. ಆದರೂ ಟ್ರಸ್ಟಿನ ಸ್ವಂತ ಪತ್ರದಲ್ಲಿ ಅದಕ್ಕೆ ಅವಕಾಶವಿದೆಯೇ ಎಂಬುದನ್ನು ಲೆಕ್ಕಪರಿಶೋಧಕರಿಂದ ತಿಳಿದುಕೊಳ್ಳಬೇಕು. ಉದ್ಯಮ ನಡೆಸುವ ಕುಟುಂಬಗಳಿಗೆ 2013ರ ಕಂಪನಿ ಕಾಯಿದೆಯ ಶೇಕಡ 2ರ ಬಾಬು ಬೇರೆಯೇ ಇದೆ. ಒಂದು ಎಚ್ಚರ ಮಾತ್ರ ಬೇಕು. 2022ರ ಫೆಬ್ರವರಿಯ ನಿಯಮಗಳ ಪ್ರಕಾರ ಪೊಟ್ಟಣಗಳನ್ನು ಮಾರುಕಟ್ಟೆಗೆ ಬಿಡುವ ಕಂಪನಿಗಳೇ ಅಷ್ಟು ಪ್ಲಾಸ್ಟಿಕ್ಕಿನ ವಿಲೇವಾರಿಗೆ ಹೊಣೆ. ಒಂದೇ ಟನ್ ಕಸವನ್ನು ಕಂಪನಿಗೂ ಮಾರಿ, ದಾನಿಗೂ ತೋರಿಸುವ ಸಂಸ್ಥೆಗೆ ಕೊಟ್ಟ ಹಣ ಕಂಪನಿಯ ಸಾಲವನ್ನು ತೀರಿಸೀತೇ ಹೊರತು ಹಳ್ಳದ ಕಸವನ್ನು ತಗ್ಗಿಸದು. ಹಣ ಕೊಡುವ ಮುನ್ನ ಕಳೆದ ವರ್ಷ ಎಷ್ಟು ಕಸ ಬಂತು, ಯಾವುದು ಎಲ್ಲಿಗೆ ಹೋಯಿತು, ತೂಕದ ಚೀಟಿ ಎಲ್ಲಿದೆ, ಕೂಲಿ ಯಾವ ತಾರೀಖಿಗೆ ಕೊಟ್ಟರು ಎಂದು ಕೇಳುವುದು ಅವಿಶ್ವಾಸವಲ್ಲ.

ಟ್ರಸ್ಟುಗಳ ಸ್ವಂತ ಅಂಗಳದ ಮಾತೂ ಇದೆ. ತೀರ್ಥಕ್ಷೇತ್ರಗಳ ಸ್ನಾನಘಟ್ಟಗಳಲ್ಲಿ ಭಕ್ತರು ಬಿಡುವ ಶಾಂಪೂ ಪೊಟ್ಟಣಗಳ ಕಾಟ ಎಷ್ಟಾಗಿದೆಯೆಂದರೆ, ಅಲ್ಲಿನ ನೀರಿನಿಂದ 500 ಮೀಟರ್ ಒಳಗೆ ಸಾಬೂನು, ಶಾಂಪೂಗಳ ಮಾರಾಟವನ್ನು ನಿಲ್ಲಿಸುವಂತೆ 2025ರ ಮಾರ್ಚಿನಲ್ಲಿ ರಾಜ್ಯದ ಪರಿಸರ ಸಚಿವರು ಸೂಚನೆ ಕೊಡಬೇಕಾಯಿತು. ಪಂಚಕಲ್ಯಾಣದ ಪೆಂಡಾಲಿನಲ್ಲಿ, ಮುನಿಸಂಘದ ವಿಹಾರದ ಹಿಂದೆ ಬರುವ ವಾಹನಗಳಲ್ಲಿ ಸಣ್ಣ ಬಾಟಲಿಯ ನೀರು ಈಗಲೂ ಕಂಡುಬರುತ್ತದೆ. ಸೋಸಿದ ನೀರನ್ನು ಸ್ಟೀಲಿನ ಕ್ಯಾನುಗಳಲ್ಲಿ ಒಯ್ಯುವುದಕ್ಕೆ ಯಾವ ಯೋಜನೆಯೂ ಬೇಕಾಗಿಲ್ಲ.

ಚಿತ್ರದುರ್ಗದ ಸೀಮೆಯಲ್ಲಿ ಹಳ್ಳಗಳು ತುಂಬಿ ಹರಿಯುವಂಥ ಮಳೆ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ದಶಲಕ್ಷಣ ಪರ್ವ ಬರುವುದು ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ; ಅದರ ಎಂಟನೆಯ ದಿನ ಉತ್ತಮ ತ್ಯಾಗದ್ದು, ದಾನಗಳನ್ನು ಸಾರುವುದು ಬಹುಮಟ್ಟಿಗೆ ಆಗಲೇ. ಆ ದಿನ ಸಾರಿದ ಹಣ ಬ್ಯಾಂಕಿನಲ್ಲಿ ಕೂತು ಮುಂದಿನ ಮಾರ್ಚಿಗೆ ಕೈಸೇರಿದರೆ ಒಂದು ಮಳೆಗಾಲ ಕಳೆದಿರುತ್ತದೆ. ಹಳ್ಳದ ಪಾತ್ರವನ್ನು ಆಯ್ದು ಹಸನುಗೊಳಿಸುವ ಕೂಲಿಯಷ್ಟನ್ನಾದರೂ ಶ್ರಾವಣದಲ್ಲಿಯೇ ಕೊಟ್ಟುಬಿಡಲು ಟ್ರಸ್ಟಿನ ಸಭೆ ಆಷಾಢದಲ್ಲಿ ಸೇರಬೇಕು.