ಮನೆಗೊಂದು ಕಾರು ಬೇಕೆ?

ಈ ಪ್ರಶ್ನೆ ಇತ್ತೀಚೆಗೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿದೆ. ಒಣದ್ರಾಕ್ಷಿ ಮಾರಿದ ಹಣದಲ್ಲಿ ಕಾರು ಕೊಳ್ಳಬೇಕೆಂದು ಅಣ್ಣನ ಹಟ. ಅದು ತಂಗಿಯ ಓದಿಗಿರಲೆಂದು ಅವ್ವನ ಮಾತು. ನಾನು ಅವ್ವನ ಪಕ್ಷ.

ಕಾರನ್ನು ಕೊಳ್ಳದೆಯೂ ಬಳಸಬಹುದೆಂಬುದು ಹೊಸ ವಿಚಾರವೇನಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ 1948ರಲ್ಲಿಯೇ ಕೆಲವರು ಸಹಕಾರ ಪದ್ಧತಿಯಿಂದ ಕಾರು ಹಂಚಿಕೊಂಡರು. ಬೆಂಗಳೂರಿನಲ್ಲಿ 2013ರಲ್ಲಿ ಆರಂಭವಾದ ಜೂಮ್‌ಕಾರ್ ಸಂಸ್ಥೆ, ಬಾಡಿಗೆಗೆ ಪಡೆದವರೇ ನಡೆಸಿಕೊಂಡು ಹೋಗುವಂತೆ ಗಂಟೆಯ ಲೆಕ್ಕದಲ್ಲಿ ಕಾರು ಕೊಡತೊಡಗಿತು.

ನಮ್ಮ ಅಥಣಿ ರಸ್ತೆಯಲ್ಲಂತೂ ಹಂಚಿಕೆಯೇ ನಿತ್ಯದ ರೂಢಿ. ವಿಜಯಪುರದಿಂದ ತಿಕೋಟಾದ ಕಡೆಗೆ ಹೊರಟ ಟಂಟಂ, ಕ್ರೂಸರ್‌ಗಳಲ್ಲಿ ಹಾಲಿನ ಕ್ಯಾನು, ಪುಸ್ತಕದ ಚೀಲ, ಸಂತೆಯ ಗಂಟು ಎಲ್ಲವೂ ಒಟ್ಟಿಗೆ ಕೂಡುತ್ತವೆ. “ಸ್ವಲ್ಪ ಸರೀರಿ ಅಕ್ಕಾರ” ಎಂದರೆ ಮತ್ತೊಬ್ಬರಿಗೆ ಸ್ಥಳವಾಗುತ್ತದೆ.

ಇದರ ಕಷ್ಟಗಳೂ ಉಂಟು. ಸೀಟು ತುಂಬುವವರೆಗೆ ಗಾಡಿ ಹೊರಡದು. ತುಂಬಿದ ಮೇಲೂ ಇನ್ನಿಬ್ಬರನ್ನು ಹತ್ತಿಸಿಕೊಳ್ಳುವುದು ಅಪಾಯಕರ. ನಡುರಾತ್ರಿ ಯಾರಿಗಾದರೂ ಬೇನೆ ಬಂದರೆ ಬಾಡಿಗೆ ಗಾಡಿ ಸಿಗುವುದು ದುರ್ಲಭ. ಅಣ್ಣನ ವಾದಕ್ಕೆ ಬಲವಿರುವುದು ಇಲ್ಲಿಯೇ.

ಹಾಗೆಂದು ಎಂದೋ ಬರುವ ಒಂದು ರಾತ್ರಿಗಾಗಿ ವರ್ಷವಿಡೀ ಅಂಗಳದಲ್ಲಿ ಕಾರು ನಿಲ್ಲಿಸಿ, ಸಾಲದ ಕಂತು, ವಿಮೆ ಕಟ್ಟುತ್ತ ಕೂಡಬೇಕೆ? ಓಣಿಯ ಹತ್ತು ಮನೆಯವರು ಕೂಡಿ ಬಾಡಿಗೆ ಗಾಡಿಯವನೊಬ್ಬನ ಸಂಗಡ ಮೊದಲೇ ಮಾತು ಮಾಡಿಕೊಳ್ಳಬಹುದು. ತಿಂಗಳಿಗಿಷ್ಟು ಎಂದು ಎಲ್ಲರೂ ವಂತಿಗೆ ಕೊಟ್ಟರೆ, ಕರೆದ ಹೊತ್ತಿಗೆ ಆತ ಬಂದಾನು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದ ರೈತರು ಸಾಲದ ಅನುಕೂಲಕ್ಕಾಗಿ ಸಹಕಾರ ಸಂಘ ಕಟ್ಟಿದರು. ಒಂದು ಗಾಡಿಗಾಗಿ ನಾವು ಹತ್ತು ಮನೆಯವರು ಕೂಡಲಾರೆವೆ? ಅಣ್ಣ ಇನ್ನೂ ಒಪ್ಪಿಲ್ಲ. ತಂಗಿಯ ಫೀಜು ಕಟ್ಟುವ ದಿನ ಮಾತ್ರ ಸಮೀಪಿಸುತ್ತಿದೆ.